ಬರಗಾಲದಲ್ಲಿ ಕಾಂಗರೂ, ಕಡಿದಷ್ಟೂ ಚಿಗುರುವ ನೀಲಗಿರಿ

ಪ್ರಶ್ನೆ: ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮಳೆ ತುಂಬಾ ಕಡಿಮೆಯಂತೆ. ಅಲ್ಲಿನ ಪ್ರಾಣಿಗಳು ಹೇಗೆ ಬದುಕುತ್ತವೆ? ಕಾಂಗರೂ ತರಹದವು ನಮ್ಮಲ್ಲಿ ಯಾಕಿಲ್ಲ?
– ಓದುಗರು, ಚಳ್ಳಕೆರೆ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಭಾರತ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲವೂ ಗೊಂಡ್ವಾನಾ ಎಂಬ ಒಂದೇ ನೆಲದ ತುಂಡುಗಳು. ನಮ್ಮ ತುಂಡು ಉತ್ತರಕ್ಕೆ ಸರಿದು ಏಷ್ಯಾಕ್ಕೆ ಅಂಟಿಕೊಂಡಿತು, ಆ ಕಡೆಯ ಪ್ರಾಣಿಗಳೂ ಇಲ್ಲಿಗೆ ಬಂದವು. ಆಸ್ಟ್ರೇಲಿಯಾ ಮಾತ್ರ ಕೋಟಿಗಟ್ಟಲೆ ವರ್ಷ ಸಮುದ್ರದ ನಡುವೆ ಒಂಟಿಯಾಗಿ ಉಳಿದು, ನಿಧಾನವಾಗಿ ಒಣಗುತ್ತಾ ಹೋಯಿತು. ಕಾಂಗರೂ ರೂಪುಗೊಂಡದ್ದು ಅಲ್ಲೇ, ಸಮುದ್ರ ದಾಟಿ ನಮ್ಮಲ್ಲಿಗೆ ಬರಲು ಅದಕ್ಕೆ ದಾರಿ ಇರಲಿಲ್ಲ.

ಇನ್ನು ಬರಗಾಲದ ವಿಷಯ. ನನ್ನನ್ನು ಕೇಳಿದರೆ ಇದರಲ್ಲಿ ಕೆಂಪು ಕಾಂಗರೂ ತಾಯಿಯನ್ನು ಮೀರಿಸಿದವರಿಲ್ಲ. ಸುಮಾರು 33 ದಿನಕ್ಕೇ ಮರಿ ಹುಟ್ಟುತ್ತದೆ, ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಕಣ್ಣು ಬಿಡದ ಆ ಮರಿ ತಾನೇ ತೆವಳಿಕೊಂಡು ಚೀಲ ಸೇರಿ ಮೊಲೆ ಹಿಡಿಯುತ್ತದೆ. ಅಷ್ಟರಲ್ಲೇ ತಾಯಿ ಮತ್ತೆ ಬಸಿರಾಗುತ್ತಾಳೆ, ಆದರೆ ಚೀಲದಲ್ಲಿ ಮರಿ ಹಾಲು ಕುಡಿಯುತ್ತಿರುವವರೆಗೂ ಹೊಟ್ಟೆಯೊಳಗಿನ ಆ ಭ್ರೂಣ ಬೆಳೆಯದೆ ಸುಮ್ನೆ ಕಾಯುತ್ತಿರುತ್ತದೆ. ಬರ ಬಿದ್ದು ಹಾಲು ಬತ್ತಿ ಚೀಲದ ಮರಿ ಸತ್ತರೆ, ಕಾಯುತ್ತಿದ್ದದ್ದು ಬೆಳೆಯಲು ಶುರು ಮಾಡುತ್ತದೆ. ಬರ ಇನ್ನೂ ಮುಂದುವರಿದರೆ ತಾಯಿ ಬೆದೆಗೆ ಬರುವುದನ್ನೇ ನಿಲ್ಲಿಸುತ್ತಾಳೆ. ಓದುವಾಗ ಕರುಳು ಚುರ್ ಎನ್ನುತ್ತದೆ, ಆದರೆ ಮಳೆ ಬಂದ ದಿನ ಮತ್ತೆ ಮರಿ ಹಾಕಲು ತಾಯಿ ಉಳಿದಿರಬೇಕಲ್ವಾ?

ನೀರು ಹಿಡಿದಿಡುವುದರಲ್ಲಿ ಅಲ್ಲಿನ ಒಂದು ಕಪ್ಪೆ ಜಾಣ. ಮಳೆ ಬಂದಾಗ ಮೂತ್ರಕೋಶದ ತುಂಬಾ ನೀರು ತುಂಬಿಕೊಂಡು ಮಣ್ಣೊಳಗೆ ಇಳಿಯುತ್ತದೆ, ಕಳಚಿದ ತನ್ನದೇ ಚರ್ಮದ ಪೊರೆಯನ್ನು ಹೊದ್ದು ಮಲಗುತ್ತದೆ, ಮುಂದಿನ ದೊಡ್ಡ ಮಳೆಯವರೆಗೆ ಏಳುವುದಿಲ್ಲ. ಮರುಭೂಮಿಯ ಮೂಲನಿವಾಸಿಗಳು ಬಾಯಾರಿದಾಗ ಈ ಕಪ್ಪೆಯನ್ನು ಅಗೆದು ತೆಗೆದು, ಮೆಲ್ಲಗೆ ಹಿಂಡಿ ನೀರು ಕುಡಿಯುತ್ತಿದ್ದರು. ಮೈತುಂಬಾ ಮುಳ್ಳಿರುವ ಒಂದು ಓತಿಯೂ ಇದೆ. ನಿಂತ ಮಳೆನೀರಿನಲ್ಲಿ ಕಾಲಿಟ್ಟರೆ ಸಾಕು, ಚರ್ಮದ ಸಣ್ಣ ಸಣ್ಣ ಗೀರುಗಳಲ್ಲಿ ನೀರು ತಾನಾಗಿ ಮೇಲೇರಿ ಬಾಯಿಗೆ ಬರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ.

ಒಂದು ಮಾತು. ಯಾವ ಪ್ರಾಣಿಯೂ ಹೀಗೆ ಬದಲಾಗೋಣ ಅಂತ ತೀರ್ಮಾನಿಸಿ ಬದಲಾಗಿಲ್ಲ. ಹುಟ್ಟಿದವುಗಳಲ್ಲಿ ಒಣ ನೆಲಕ್ಕೆ ಹೊಂದುವ ಗುಣ ಇದ್ದವು ಜಾಸ್ತಿ ಉಳಿದವು, ಅವುಗಳ ಮರಿಗಳೂ ಉಳಿದವು. ಇದಕ್ಕೆ ಲಕ್ಷಾಂತರ ವರ್ಷ ಹಿಡಿದಿದೆ.

ಪ್ರಶ್ನೆ: ನಮ್ಮ ಹೊಲದ ನೀಲಗಿರಿ ಕಡಿದಷ್ಟೂ ಚಿಗುರುತ್ತದೆ. ಅದರ ಕೆಳಗೆ ನೆರಳೂ ಸಿಗುವುದಿಲ್ಲ. ಯಾಕೆ?
– ಓದುಗರು, ಮಾಲೂರು

ಉತ್ತರ: ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಇರುವುದು ಆಸ್ಟ್ರೇಲಿಯಾದಲ್ಲೇ, ನೀಲಗಿರಿಯ ತವರು ಅದು. ಬಲಿತ ಎಲೆಗಳು ಅಗಲವಾಗಿ ಹರಡಿಕೊಳ್ಳದೆ ಕೆಳಕ್ಕೆ ಜೋತುಬಿದ್ದಿರುವುದನ್ನು ನೀವೇ ನೋಡಿರುತ್ತೀರಿ. ನಡುಮಧ್ಯಾಹ್ನದ ಬಿಸಿಲು ಎಲೆಯ ಅಂಚಿಗಷ್ಟೇ ತಾಗುತ್ತದೆ, ನೀರು ಆರುವುದು ತಗ್ಗುತ್ತದೆ. ಹಾಗಾಗಿ ಬಿಸಿಲು ಸೀದಾ ನೆಲಕ್ಕೆ.

ಚಿಗುರುವುದು ಬೆಂಕಿಯ ದೆಸೆಯಿಂದ. ಅಲ್ಲಿ ಕಾಡ್ಗಿಚ್ಚು ಮಾಮೂಲು. ದಪ್ಪ ತೊಗಟೆಯ ಒಳಗೆ ಮೊಗ್ಗುಗಳು ಮಲಗಿರುತ್ತವೆ, ಎಷ್ಟೋ ಜಾತಿಗಳಲ್ಲಿ ಬುಡದಲ್ಲಿ ಗೆಡ್ಡೆಯಂಥ ಉಬ್ಬೂ ಇರುತ್ತದೆ. ಮೇಲಿನದೆಲ್ಲ ಸುಟ್ಟರೂ ಅಲ್ಲಿಂದ ಹೊಸ ರೆಂಬೆ ಬರುತ್ತದೆ. ಮರಕ್ಕೆ ನಿಮ್ಮ ಕೊಡಲಿಯೂ ಬೆಂಕಿಯೂ ಒಂದೇ. ನೀರಿಗಾಗಿ ಆಳಕ್ಕೆ ಬೇರು ಬಿಡುವ ಗುಣ ತವರಿನಲ್ಲಿ ಅದನ್ನು ಉಳಿಸಿತು, ಅದೇ ಗುಣಕ್ಕೆ ಕೋಲಾರದ ಕಡೆ ರೈತರು ಅದನ್ನು ಬೈಯುವಂತಾಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ನಿಮಗೆ ಆ ಹೊಲ ಬೇರೆ ಬೆಳೆಗೆ ಬೇಕಿದ್ದರೆ ಬರೀ ಕಡಿಸಬೇಡಿ, ಜೆಸಿಬಿ ತರಿಸಿ ಬೊಡ್ಡೆ ಸಮೇತ ಕೀಳಿಸಿ.