ಗೋಡೆಯ ಪದ್ಯ, ಸುಟ್ಟುಹೋದ ಕೋಣೆ

ಪ್ರಶ್ನೆ: ನಾನು ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ತಡೆಹಿಡಿಯಲ್ಪಟ್ಟಿದ್ದ ಚೀನೀ ವಲಸಿಗರನ್ನು ಕುರಿತ ಮಿಶ್ರಮಾಧ್ಯಮ ಪ್ರಬಂಧವೊಂದನ್ನು ತರಗತಿಯಲ್ಲಿ ತೋರಿಸಿದರು. ಗೋಡೆಯಲ್ಲಿ ಕೊರೆದ ಪದ್ಯಗಳ ಛಾಯಾಚಿತ್ರ, ವಿಚಾರಣೆಯ ಬೆರಳಚ್ಚು ಪ್ರತಿ, ವೃದ್ಧೆಯೊಬ್ಬರ ಧ್ವನಿಮುದ್ರಣ, ನಡುನಡುವೆ ಲೇಖಕಿಯ ಬರಹ ಅದರಲ್ಲಿದ್ದವು. ಪ್ರತಿಕ್ರಿಯೆ ಬರೆಯಲು ಕುಳಿತರೆ ‘ಮನ ಕಲಕಿತು’ ಎಂಬುದರಿಂದ ಮುಂದೆ ಹೋಗಲಾಗುತ್ತಿಲ್ಲ. ಪದ್ಯಗಳೇ ಅಷ್ಟು ಹೇಳುವಾಗ ಧ್ವನಿಮುದ್ರಣ ಬೇಕಿತ್ತೇ ಎಂಬ ಸಂಶಯವೂ ಇದೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಆ ಸಂಶಯದಿಂದಲೇ ಬರವಣಿಗೆಯನ್ನು ಆರಂಭಿಸಿ. ನಿಮ್ಮ ಮನ ಕಲಕಿದ್ದು ನಿಜವೇ. ಆದರೆ ಪ್ರಬಂಧದ ಒಂದೊಂದು ತುಣುಕನ್ನೂ ಯಾರು, ಯಾರಿಗಾಗಿ ಮಾಡಿದರು ಎಂದು ಕೇಳಿಕೊಂಡರೆ ಮಾತು ತಾನಾಗಿ ಬೆಳೆಯುತ್ತದೆ.

ಬೆರಳಚ್ಚು ಪ್ರತಿ ಸರ್ಕಾರದ್ದು. ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ 1882ರ ಕಾಯ್ದೆ ಆಗ ಜಾರಿಯಲ್ಲಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ನಾಶವಾದ ಮೇಲೆ, ಅಲ್ಲಿನ ನಾಗರಿಕರ ಮಕ್ಕಳೆಂದು ಕಾಗದದಲ್ಲಷ್ಟೇ ತೋರಿಸಿಕೊಂಡು ಬಂದವರೂ ಇದ್ದುದರಿಂದ, ಊರಿನ ಬಾವಿ ಯಾವ ದಿಕ್ಕಿಗಿದೆ, ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಎಲ್ಲಿಡುತ್ತಾರೆ ಎಂದೆಲ್ಲ ಅಧಿಕಾರಿಗಳು ಎಲ್ಲರನ್ನೂ ಕೆದಕಿ ಕೇಳುತ್ತಿದ್ದರು. ನಿಜವಾದ ಮಗನೂ ಮೆಟ್ಟಿಲಿನ ಲೆಕ್ಕ ತಪ್ಪಬಹುದಿತ್ತು. ಆ ಪುಟಗಳಲ್ಲಿ ವಲಸಿಗನ ಮಾತು ಇದೆ, ಆದರೆ ಅವನು ಆಡಬಯಸಿದ ಮಾತಲ್ಲ.

ಆಡಬಯಸಿದ್ದನ್ನು ಅವನು ಗೋಡೆಯಲ್ಲಿ ಕೊರೆದ. ಆ ಛಾಯಾಚಿತ್ರವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ: ಅಕ್ಷರಗಳ ಅಂಚು ಮಸುಕಾಗಿದೆ. ಗೋಡೆ ಕೆಡಿಸಿದ್ದಾರೆಂದು ದ್ವೀಪದ ವಲಸೆ ಠಾಣೆಯವರು ಗೀರುಗಳಿಗೆ ಪುಟ್ಟಿ ತುಂಬಿಸಿ ಮೇಲೆ ಬಣ್ಣ ಬಳಿಸುತ್ತಿದ್ದರು. ವರ್ಷಗಳು ಕಳೆದಂತೆ ಪುಟ್ಟಿ ಕುಗ್ಗಿ ಕೆಳಗಿನ ಅಕ್ಷರ ಮತ್ತೆ ಕಾಣಿಸಿಕೊಂಡಿತು. 1970ರಲ್ಲಿ, ಕಟ್ಟಡವನ್ನು ಕೆಡವಬೇಕೆಂದಿದ್ದ ಹೊತ್ತಿನಲ್ಲಿ, ಅಷ್ಟರಲ್ಲಿ ಸರ್ಕಾರಿ ಉದ್ಯಾನವಾಗಿದ್ದ ಆ ದ್ವೀಪದ ರೇಂಜರ್ ಅಲೆಕ್ಸಾಂಡರ್ ವೈಸ್ ಅವರ ಗಮನ ಅವುಗಳ ಮೇಲೆ ಬಿತ್ತು. ಈವರೆಗೆ ದಾಖಲಾಗಿರುವ ಪದ್ಯಗಳು 200ಕ್ಕೂ ಹೆಚ್ಚು.

ಆದರೆ ಉಳಿದದ್ದು ಗಂಡಸರ ಬ್ಯಾರಕ್ಕಿನ ಗೋಡೆ. ಹೆಂಗಸರನ್ನು ಇರಿಸಿದ್ದು ಆಡಳಿತ ಕಟ್ಟಡದಲ್ಲಿ. ಅದು 1940ರ ಆಗಸ್ಟ್‌ನಲ್ಲಿ ಬೆಂಕಿಗೆ ಆಹುತಿಯಾಯಿತು, 1910ರಿಂದ ನಡೆದಿದ್ದ ಠಾಣೆಯೂ ಆ ವರ್ಷವೇ ಮುಚ್ಚಿತು. ಅಲ್ಲಿನ ಗೋಡೆಯ ಮೇಲೆ ಹೆಂಗಸರು ಏನೇ ಬರೆದಿದ್ದರೂ ಅದು ಬೂದಿಯಾಯಿತು. ಆ ಅನುಭವ ಅವರದೇ ಮಾತಿನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಮುಪ್ಪಿನಲ್ಲಿ ನೆನೆದು ಹೇಳಿದ ದನಿಗಳಿಂದ. ಆದ್ದರಿಂದ ಧ್ವನಿಮುದ್ರಣವನ್ನು ಅಲಂಕಾರವೆಂದು ತಿಳಿಯಬೇಡಿ. ಗೋಡೆ ಇಲ್ಲದ ಕಡೆ ಅದು ಗೋಡೆಯಾಗಿ ನಿಂತಿದೆ.

ಚಿತ್ರದ ಕಡೆ ನೋಡದೆ ಅದನ್ನು ಒಮ್ಮೆ ಕೇಳಿ, ಆಕೆ ಎಲ್ಲಿ ತಡೆದು ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಆ ದನಿಯ ಹಿಂದೆ ಲೇಖಕಿ ಯಾವ ಚಿತ್ರವನ್ನು ಇಟ್ಟಿದ್ದಾರೆ ಎಂಬುದನ್ನು ಪರೀಕ್ಷಿಸಿ. ಗಂಡಸರ ಗೋಡೆಯನ್ನೇ ಇಟ್ಟಿದ್ದರೆ ಅದು ತಪ್ಪೆಂದು ನಾನು ಭಾವಿಸುತ್ತೇನೆ, ನೀವೂ ಅಂಜದೆ ಹಾಗೆಂದು ಬರೆಯಿರಿ. ಬರಿಯ ಪರದೆ ಬಿಟ್ಟಿದ್ದರೆ, ಏಕೆ ಬಿಟ್ಟರೆಂದು ವಿವರಿಸುವುದೇ ನಿಮ್ಮ ಪ್ರತಿಕ್ರಿಯೆಯ ಮುಖ್ಯ ಭಾಗವಾಗಲಿ.