ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ
ಲಂಡನ್ನಿನಲ್ಲಿರುವ ನಿಮ್ಮ ತಂದೆಯವರನ್ನು ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯವರು ಸಂಶೋಧನೆಗೆ ಸೇರ್ತೀರಾ ಅಂತ ಕೇಳಿದ್ದಾರೆ, ಬೇಡ ಅಂದ್ರೆ ಚಿಕಿತ್ಸೆಗೆ ತೊಂದರೆಯಾಗುತ್ತಾ ಅಂದಿರಿ. ಖಂಡಿತ ಇಲ್ಲ. ಸೇರಿದ ಮೇಲೂ ಕಾರಣ ಹೇಳದೆ ಹೊರಬರಬಹುದು.

ಆದರೆ ಸುಮ್ನೆ ತಳ್ಳಿಹಾಕಬೇಡಿ. 2020ರ ಮಾರ್ಚ್‌ನಲ್ಲಿ ಶುರುವಾದ ರಿಕವರಿ ಅನ್ನೋ ಕೋವಿಡ್ ಔಷಧಗಳ ಪ್ರಯೋಗ ನಡೆದದ್ದು ಇಂಥದೇ ಆಸ್ಪತ್ರೆಗಳ ವಾರ್ಡುಗಳಲ್ಲಿ. ಯಾವ ಕೋವಿಡ್ ರೋಗಿಗೆ ಯಾವ ಔಷಧ ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಜೂನ್‌ನಲ್ಲೇ ಉತ್ತರ ಸಿಕ್ಕಿತು: ಡೆಕ್ಸಾಮೆಥಾಸೋನ್ ಅನ್ನೋ ಹಳೆಯ, ಅಗ್ಗದ ಔಷಧ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸಿತ್ತು. ಆಮ್ಲಜನಕ ಬೇಕಾಗದಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಅದೂ ಗೊತ್ತಾಗಬೇಕಿತ್ತು, ಅಲ್ವಾ? ಸಾವಿರಾರು ರೋಗಿಗಳು ಒಪ್ಪಿದ್ದಕ್ಕೇ ಇಷ್ಟು ಬೇಗ ತಿಳಿಯಿತು.

ಮಾಹಿತಿ ಪತ್ರ ಮನೆಗೆ ತಂದು ನಿಧಾನವಾಗಿ ಓದಿ. ತಂದೆಯವರು ಈಗ ತಗೊಳ್ಳುವ ಮಾತ್ರೆಗಳ ಬಗ್ಗೆ ರಿಸರ್ಚ್ ನರ್ಸ್‌ಗೆ ಮೊದಲೇ ಹೇಳಿ.