ಹಾಂಗ್‌ಕಾಂಗ್‌ನಲ್ಲಿ ಆಡುವ ಕ್ಯಾಂಟೋನೀಸ್ ಭಾಷೆಯ ‘ಗಾವ್ ಗಾವ್ ಜನ್’ ಅಂದರೆ ತುಂಟಾಟ ಅಂತಲ್ವಾ? ಆಫೀಸಿನವರ ಜೊತೆ ತಮಾಷೆಗೆ ಹೇಗೆ ಬಳಸೋದು?

ಬಳಸಲೇಬೇಡಿ. ನಾನು ಬಳಸಿ ಒಬ್ಬ ಒಳ್ಳೆಯ ಮನುಷ್ಯರನ್ನು ಕಳೆದುಕೊಂಡೆ.

ಹಾಂಗ್‌ಕಾಂಗ್‌ಗೆ ಹೋದ ಹೊಸತು. ಕೌಲೂನ್‌ನಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ಏಳು ವರ್ಷದ ಮೊಮ್ಮಗ ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತಿ ಓಡುತ್ತಿದ್ದ. ಅಜ್ಜಿ ನಗುತ್ತಲೇ ‘ಮ್ ಹೋ ಗಾವ್ ಗಾವ್ ಜನ್’ ಅಂತ ಗದರುತ್ತಿದ್ದರು. ನಮ್ಮಮ್ಮ ‘ತರಲೆ ಮಾಡಬೇಡ್ವೋ’ ಅಂದ ಹಾಗೇ ಕೇಳಿಸಿತು. ಮುದ್ದಿನ ಮಾತು ಅಂದುಕೊಂಡೆ.

ಆಫೀಸಿನಲ್ಲಿ ಒಬ್ಬರು ಹಿರಿಯರು ದಿನಾ ಊಟಕ್ಕೆ ಕರೆದುಕೊಂಡು ಹೋಗಿ ನನಗೆ ಭಾಷೆ ಕಲಿಸುತ್ತಿದ್ದರು. ಒಂದು ಮೀಟಿಂಗ್‌ನಲ್ಲಿ, ಎಲ್ಲರೂ ಒಪ್ಪಿ ಮುಗಿದಿದ್ದ ಡಿಸೈನ್ ಬಗ್ಗೆ ಅವರು ಮತ್ತೆ ಪ್ರಶ್ನೆ ಎತ್ತಿದರು. ನಾನು ಸಲಿಗೆಯಿಂದ, ನಗುತ್ತಾ, ಆ ಮಾತು ಅಂದುಬಿಟ್ಟೆ. ಯಾರೂ ನಗಲಿಲ್ಲ.

ಉಚ್ಚಾರ ಸರಿಯಾಗೇ ಇತ್ತು. ‘ಗಾವ್’ ಅಂದರೆ ಮಾಡು, ಕೆದಕು. ‘ಜನ್’ ಅಂದರೆ ನಡುಗು. ಮಗುವಿಗೆ ಅಂದರೆ ತುಂಟಾಟ. ಬೆಳೆದವರಿಗೆ ಅಂದರೆ ‘ಸುಮ್ಮನಿರದೆ ಕೆದಕಿ ಕೆಲಸ ಕೆಡಿಸುತ್ತಿದ್ದೀರಿ’ ಅಂತ. ಅದನ್ನು ಕಿರಿಯನೊಬ್ಬ, ಹಿರಿಯರಿಗೆ, ಎಲ್ಲರ ಮುಂದೆ ಅಂದಿದ್ದ. ಇಬ್ಬರೇ ಇದ್ದಾಗ ಅಂದಿದ್ದರೆ ಅವರೇ ತಿದ್ದುತ್ತಿದ್ದರು.

ಇನ್ನೊಂದು ವಿಷಯ, ನನಗೆ ಗೊತ್ತಿದ್ದದ್ದು ಅರ್ಧ ಮಾತು. ಉಳಿದರ್ಧ ತಿಳಿದದ್ದು ಶಾಮ್ ಶುಯಿ ಪೋದ ಆಪ್ಲಿಯು ಬೀದಿಯಲ್ಲಿ. ಹಳೇ ರೇಡಿಯೋ, ವೈರು, ಚಾರ್ಜರ್ ಮಾರುವ ಅಂಗಡಿಗಳ ಸಾಲು ಅದು. ಒಂದು ರೇಡಿಯೋ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಇಟ್ಟೆ. ಅಂಗಡಿಯವನು ‘ಗಾವ್ ಗಾವ್ ಜನ್, ಮೋ ಬೊಂಗ್ ಚನ್’ ಅಂದ. ಎಲ್ಲ ಮುಟ್ಟಿ ಕೆದಕುವುದು, ವ್ಯಾಪಾರ ಮಾತ್ರ ಇಲ್ಲ! ಜನ್‌ಗೆ ಚನ್ ಪ್ರಾಸ. ಮೊದಲರ್ಧ ಕೇಳಿದರೆ ಸಾಕು, ಅಲ್ಲಿಯವರ ಕಿವಿಗೆ ಎರಡನೆಯದು ತಾನಾಗೇ ಬರುತ್ತೆ. ನಮ್ಮ ಹಿರಿಯರಿಗೂ ಬಂದಿರಬೇಕು.

ನೀವು ತುಂಟಾಟಕ್ಕೆ ಒಂದೇ ಪದ ಹುಡುಕುತ್ತಿದ್ದೀರಿ, ಅದೇ ಸರಿಯಿಲ್ಲ. ಯಾರು ಯಾರಿಗೆ ಅನ್ನುತ್ತಾರೆ ಅಂತ ಮೊದಲು ನೋಡಿ. ದೊಡ್ಡವರ ಚೇಷ್ಟೆ, ಚುರುಕು ಹಾಸ್ಯ ಇಷ್ಟವಾದರೆ ‘ಹೋ ಗ್ವೈ ಮಾ’ ಅನ್ನಿ. ‘ಹೋ’ ಅಂದರೆ ತುಂಬಾ, ‘ಗ್ವೈ ಮಾ’ ಅಕ್ಷರಶಃ ‘ದೆವ್ವ-ಕುದುರೆ’, ಆದರೆ ಮೆಚ್ಚುಗೆಯ ಮಾತು. ತುಂಟ ಮಗುವಿಗೆ ‘ಬಾಕ್ ಯಿಮ್’. ‘ಗಾವ್ ಗಾವ್ ಜನ್’ ಅರ್ಥವಾದರೆ ಸಾಕು, ನಿಮ್ಮ ಬಾಯಲ್ಲಿ ಬರುವುದು ಬೇಡ.

ಆಮೇಲೆ ಆ ಹಿರಿಯರ ಟೇಬಲ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ‘ಪರವಾಗಿಲ್ಲ’ ಅಂದರು, ಇಂಗ್ಲಿಷ್‌ನಲ್ಲಿ. ಊಟಕ್ಕೆ ಮತ್ತೆ ಕರೆಯಲಿಲ್ಲ.